ಮಗ ರ‍್ಯಾಪ್ ಕೇಳುತ್ತಾನೆ, ಕುಮ್ಸಾರಿಗೆ ಹೋಗುವುದಿಲ್ಲ

ಪ್ರಶ್ನೆ: ಸರ್, ನಾವು ಮಂಗಳೂರಿನ ಕಥೋಲಿಕ ಕುಟುಂಬದವರು. ಮಗನಿಗೆ 17 ವರ್ಷ, ಸೆಕೆಂಡ್ ಪಿಯುಸಿ. ಹೈಸ್ಕೂಲಿನವರೆಗೂ ಪೂಜೆಯಲ್ಲಿ ಗುರುಗಳಿಗೆ ನೆರವಾಗುವ ಆಲ್ಟರ್ ಬಾಯ್ ಆಗಿದ್ದ. ಒಂದು ವರ್ಷದಿಂದ ಯಾವಾಗ ನೋಡಿದರೂ ಕಿವಿಯಲ್ಲಿ ಇಯರ್‌ಫೋನ್, ಅದರಲ್ಲಿ ಅಮೆರಿಕದ ರ‍್ಯಾಪ್. ಕೆಂಡ್ರಿಕ್ ಲಮಾರ್ ಅನ್ನುವವನ ಹಾಡೇ ಜಾಸ್ತಿ. ಒಂದು ದಿನ ಸ್ಪೀಕರಿನಲ್ಲಿ ಹಾಕಿದ್ದಾಗ ನಾನೂ ಕೇಳಿಸಿಕೊಂಡೆ. ಬೈಗುಳ, ಬಂದೂಕು, ಹೆಂಗಸರ ಬಗ್ಗೆ ಹೊಲಸು ಮಾತು. ನಡುವೆಯೇ ಯೇಸುವಿನ ಹೆಸರು, ಪ್ರಾರ್ಥನೆ! ಕೇಳಿದರೆ ‘ಅಮ್ಮ, ಇದೂ ಪ್ರಾರ್ಥನೆಯೇ’ ಅಂತಾನೆ. ಈ ಗಾಯಕರೆಲ್ಲ ಸೈತಾನನಿಗೆ ಆತ್ಮ ಮಾರಿಕೊಂಡವರು, ಇಲ್ಯುಮಿನಾಟಿಯವರು ಅಂತ ನಮ್ಮ ಕುಟುಂಬದ ವಾಟ್ಸ್ಆ್ಯಪ್ ಗ್ರೂಪಿಗೆ ಒಂದು ವಿಡಿಯೋ ಬಂದಿದೆ. ಕ್ರಿಸ್ಮಸ್ ಆದ ಮೇಲೆ ಅವನು ಕುಮ್ಸಾರಿಗೂ, ಅಂದರೆ ಚರ್ಚಿನಲ್ಲಿ ಗುರುಗಳ ಹತ್ತಿರ ಪಾಪ ಹೇಳಿಕೊಳ್ಳುವುದಕ್ಕೂ, ಹೋಗಿಲ್ಲ. ‘ನನಗೆ ತೀರ್ಪು ಕೊಡೋದು ದೇವರು ಮಾತ್ರ’ ಅಂತಾನೆ. ಇಂಥ ಹಾಡು ಕೇಳುವುದೇ ಪಾಪವೇ? ಬಂದ್ ಮಾಡಿಸಬೇಕೇ? ಕ್ರಿಶ್ಚಿಯನ್ ರ‍್ಯಾಪ್ ಅಂತಲೂ ಇದೆಯಂತೆ, ಅದನ್ನು ಕೇಳಿಸಲೇ?

ಉತ್ತರ: ನಿಮ್ಮ ಪತ್ರದಲ್ಲಿ ಬೈಗುಳ, ಬಂದೂಕು, ಸೈತಾನ ಎಲ್ಲ ಇದೆ. ಆದರೆ ನಿಮ್ಮ ನಿದ್ದೆ ಕೆಡಿಸಿರುವುದು ಮಗ ಕುಮ್ಸಾರಿಗೆ ಹೋಗುತ್ತಿಲ್ಲ ಅನ್ನೋದು, ಅಲ್ವಾ? ಹಾಡು ಅವನನ್ನು ದೇವರಿಂದ ದೂರ ಎಳೆಯುತ್ತಿದೆಯೋ, ಇಲ್ಲ ತಾನು ಹೇಳಲಾಗದ್ದನ್ನು ಹಾಡಿನ ಬಾಯಲ್ಲಿ ಕೇಳುತ್ತಿದ್ದಾನೋ ಅಂತ ನಿಮಗೆ ಗೊತ್ತಾಗುತ್ತಿಲ್ಲ. ನಾನು ಪಾದ್ರಿಗಳಾಗುವವರು ಓದುವ ಗುರುಮಠದಲ್ಲಿ ಕ್ರೈಸ್ತ ನೀತಿಶಾಸ್ತ್ರ ಕಲಿಸುವವನು. ಕಾಲೇಜು ಹುಡುಗರ ಶಿಬಿರಗಳಲ್ಲಿ ಇದೇ ಹಾಡುಗಳನ್ನು ಹಾಕಿ ಅವರೊಡನೆ ಮಾತಾಡುತ್ತೇನೆ. ಶಿಬಿರ ಮುಗಿದ ಮೇಲೆ ತಂದೆತಾಯಿ ಬಂದು ಕೇಳುವುದೂ ಹೆಚ್ಚುಕಡಿಮೆ ಇದೇ ಪ್ರಶ್ನೆ.

ಮೊದಲು ನೇರ ಉತ್ತರ. ಈ ಹಾಡು ಕೇಳುವುದೇ ಪಾಪವಲ್ಲ. ಹೊರಗಿನಿಂದ ಒಳಗೆ ಹೋಗುವುದು ಮನುಷ್ಯನನ್ನು ಮೈಲಿಗೆ ಮಾಡುವುದಿಲ್ಲ, ಒಳಗಿನಿಂದ ಹೊರಬರುವುದೇ ಮಾಡುತ್ತದೆ ಅಂತ ಮಾರ್ಕನ ಶುಭಸಂದೇಶದ 7ನೇ ಅಧ್ಯಾಯದಲ್ಲಿ ಯೇಸುವೇ ಹೇಳುತ್ತಾರೆ. ಹಾಗಂತ ಏನು ಕೇಳಿದರೂ ನಡೆಯುತ್ತದೆ ಅಂತಲೂ ಅಲ್ಲ. ಪಾಪಕ್ಕೆ ಎಳೆಯುವ ಸಂದರ್ಭದಿಂದ ದೂರ ಇರುತ್ತೇನೆ ಅಂತ ಕುಮ್ಸಾರಿನಲ್ಲಿ ನಾವೇ ಮಾತು ಕೊಡುತ್ತೇವಲ್ಲ. ಹಾಗಾಗಿ ಹಾಡಿನಲ್ಲಿ ಯಾವ ಪದ ಇದೆ ಅಂತ ನೋಡಿದರೆ ಸಾಲದು. ಕೇಳಿದ ಮೇಲೆ ಹುಡುಗ ಮನೆಯಲ್ಲಿ ಹೇಗಿರುತ್ತಾನೆ, ತಂಗಿಯ ಜೊತೆ, ಕ್ಲಾಸಿನ ಹುಡುಗಿಯರ ಜೊತೆ ಹೇಗೆ ಮಾತಾಡುತ್ತಾನೆ ಅಂತ ನೋಡಿ. ಅದು ನಿಮಗೆ ಕಾಣುತ್ತದೆ. ನನಗೆ ಇಲ್ಲಿಂದ ಕಾಣುವುದಿಲ್ಲ.

ಇನ್ನು ಆ ವಿಡಿಯೋ. ಇಲ್ಯುಮಿನಾಟಿ ಅನ್ನುವ ಗುಟ್ಟಿನ ಸಂಘ ನಿಜವಾಗಿಯೂ ಇತ್ತು. 1776ರಲ್ಲಿ ಜರ್ಮನಿಯ ಬವೇರಿಯಾದಲ್ಲಿ ಆಡಂ ವೈಸ್‌ಹಾಪ್ಟ್ ಅನ್ನುವ ಪ್ರೊಫೆಸರ್ ಅದನ್ನು ಕಟ್ಟಿದ. ಹತ್ತು ವರ್ಷ ತುಂಬುವ ಮೊದಲೇ ಅಲ್ಲಿನ ಸರ್ಕಾರ ಅದನ್ನು ನಿಷೇಧಿಸಿತು. ಇವತ್ತಿನ ಗಾಯಕರಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಕೆಲವರು ಸೈತಾನನ ಚಿಹ್ನೆ ಬಳಸುವುದು ನಿಜ. 2021ರ ಮಾರ್ಚ್‌ನಲ್ಲಿ ಲಿಲ್ ನಾಸ್ ಎಕ್ಸ್ ಅನ್ನುವ ಗಾಯಕನ ಹೆಸರಿನಲ್ಲಿ 666 ಜೋಡಿ ‘ಸೈತಾನ್ ಶೂ’ ಮಾರಾಟಕ್ಕೆ ಬಂದವು. ನೈಕಿ ಶೂಗಳನ್ನೇ ಮಾರ್ಪಡಿಸಿದ್ದರು, ನೈಕಿ ಕೋರ್ಟಿಗೆ ಹೋಯಿತು. ಅದು ಗಮನ ಸೆಳೆಯುವ ವ್ಯಾಪಾರ. ನಮಗೆ ನೋವಾಗುವಂಥದ್ದೇ, ಇಷ್ಟವಿಲ್ಲ ಅಂತ ಹೇಳುವ ಹಕ್ಕೂ ನಮಗಿದೆ. ಆದರೆ ಅದನ್ನು ಆತ್ಮ ಮಾರಾಟದ ಕರಾರು ಅಂದರೆ ನಿಮ್ಮ ಮಗ ನಿಮ್ಮ ಉಳಿದ ಮಾತನ್ನೂ ಕೇಳುವುದಿಲ್ಲ. ಆ ವಿಡಿಯೋವನ್ನು ಅವನಿಗೆ ಕಳಿಸಬೇಡಿ.

‘ಇದೂ ಪ್ರಾರ್ಥನೆಯೇ’ ಅಂತ ಅವನು ಹೇಳುವುದು ಸುಮ್ನೆ ಹೇಳುವ ಮಾತಲ್ಲ. ಕೆಂಡ್ರಿಕ್ ಲಮಾರ್ ಹುಟ್ಟಿದ್ದು 1987ರಲ್ಲಿ, ಕ್ಯಾಲಿಫೋರ್ನಿಯಾದ ಕಾಂಪ್ಟನ್‌ನಲ್ಲಿ. 2012ರಲ್ಲಿ ಬಂದ ‘ಗುಡ್ ಕಿಡ್, ಮ್ಯಾಡ್ ಸಿಟಿ’ ಆಲ್ಬಂ ಶುರುವಾಗುವುದೇ ಪ್ರಾರ್ಥನೆಯಿಂದ. ಕೆಲವು ಹುಡುಗರು ಒಟ್ಟಾಗಿ, ತಾವು ಪಾಪಿಗಳು, ಪಶ್ಚಾತ್ತಾಪ ಪಡುತ್ತೇವೆ ಅಂತ ದೇವರ ಮುಂದೆ ಹೇಳುತ್ತಿರುತ್ತಾರೆ. ಯಾರು ಇವರು, ಯಾಕೆ ಹೇಳುತ್ತಿದ್ದಾರೆ ಅಂತ ಆಗ ಗೊತ್ತಾಗುವುದಿಲ್ಲ. ಆಮೇಲೆ ಒಂದರ ಹಿಂದೆ ಒಂದು ಹಾಡು: ಹುಡುಗಿಯ ಹಿಂದೆ ಅಲೆದಾಟ, ಗೆಳೆಯರ ಒತ್ತಾಯಕ್ಕೆ ಮನೆ ಕಳ್ಳತನ, ಕುಡಿತ, ಹೊಡೆದಾಟ. ನೀವು ಸ್ಪೀಕರಿನಲ್ಲಿ ಕೇಳಿದ್ದು ಈ ಭಾಗವೇ ಇರಬಹುದು. ಕೊನೆಯ ಹತ್ತಿರ 12 ನಿಮಿಷದ ಒಂದು ಹಾಡಿದೆ, ‘ಸಿಂಗ್ ಅಬೌಟ್ ಮಿ, ಐಯಾಮ್ ಡೈಯಿಂಗ್ ಆಫ್ ಥರ್ಸ್ಟ್’. ಅದರ ಮೊದಲ ಭಾಗದಲ್ಲಿ ಅಣ್ಣನನ್ನು ಕಳೆದುಕೊಂಡ ಒಬ್ಬ ಹುಡುಗ ಮಾತಾಡುತ್ತಾನೆ. ನಾನು ಸತ್ತರೆ ನನ್ನ ಬಗ್ಗೆ ಹಾಡು ಅಂತ ಗೆಳೆಯನನ್ನು ಕೇಳಿಕೊಳ್ಳುತ್ತಾನೆ. ಮಾತು ಮುಗಿಯುವ ಮೊದಲೇ ಗುಂಡಿನ ಸದ್ದು, ವಾಕ್ಯ ಅಲ್ಲೇ ನಿಂತುಹೋಗುತ್ತದೆ. ಎರಡನೇ ಭಾಗದಲ್ಲಿ ಒಬ್ಬಳು ಹುಡುಗಿ ಕೆಂಡ್ರಿಕ್‌ನನ್ನೇ ತರಾಟೆಗೆ ತೆಗೆದುಕೊಳ್ಳುತ್ತಾಳೆ: ಮೈ ಮಾರಿಕೊಂಡು ಸತ್ತ ನನ್ನ ಅಕ್ಕನ ಕಥೆಯನ್ನು ಹಿಂದಿನ ಆಲ್ಬಂನಲ್ಲಿ ಹಾಡಿ ಹೆಸರು ಮಾಡಿಕೊಂಡೆಯಲ್ಲ, ನಿನಗೆ ಯಾರು ಹಕ್ಕು ಕೊಟ್ಟರು ಅಂತ. ನಾನು ಮರೆಯಾಗುವುದಿಲ್ಲ ಅನ್ನುತ್ತಾ ಅನ್ನುತ್ತಾ ಅವಳ ದನಿ ಸಣ್ಣದಾಗಿ ಮರೆಯಾಗುತ್ತದೆ.

ಇಷ್ಟಾದ ಮೇಲೆ ಆ ಹುಡುಗರು ಸೇಡು ತೀರಿಸಿಕೊಳ್ಳಲು ಹೊರಟು ನಿಂತಿರುವಾಗ ಒಬ್ಬ ವಯಸ್ಸಾದ ಹೆಂಗಸು ಅವರನ್ನು ತಡೆಯುತ್ತಾಳೆ. ಕೈಯಲ್ಲಿರೋದು ಬಂದೂಕಾ ಅಂತ ಕೇಳುತ್ತಾಳೆ. ನೀವು ಬಾಯಾರಿ ಸಾಯುತ್ತಿದ್ದೀರಿ, ನಿಮಗೆ ಬೇಕಿರುವುದು ಪವಿತ್ರ ಜಲ ಅಂತ ಹೇಳಿ, ಒಂದೊಂದೇ ಸಾಲು ಹೇಳಿಕೊಟ್ಟು ಪ್ರಾರ್ಥನೆ ಮಾಡಿಸುತ್ತಾಳೆ. ಆಲ್ಬಂನ ಮೊದಲಿಗೆ ಕೇಳಿದ್ದು ಇದೇ ಪ್ರಾರ್ಥನೆ. ಅಲ್ಲಿಯವರೆಗೆ ಕೇಳಿದ ಹೊಲಸೆಲ್ಲ ಆ ಪ್ರಾರ್ಥನೆ ಯಾಕೆ ಬೇಕಾಯಿತು ಅನ್ನುವುದರ ವಿವರ ಅಂತ ಆಗ ಅರ್ಥವಾಗುತ್ತದೆ. ನಡುವಿನಿಂದ ಒಂದು ಹಾಡು ಕಿವಿಗೆ ಬಿದ್ದವರಿಗೆ ಇದು ಗೊತ್ತಾಗುವ ದಾರಿಯೇ ಇಲ್ಲ. ಹಾಗಾಗಿ ನಿಮ್ಮ ತಪ್ಪೂ ಇಲ್ಲ, ನಿಮ್ಮ ಮಗನ ತಪ್ಪೂ ಇಲ್ಲ.

ರ‍್ಯಾಪ್‌ನಲ್ಲಿ ‘ನಾನು’ ಅಂತ ಹಾಡುವವನು ಯಾವಾಗಲೂ ಗಾಯಕನೇ ಅಲ್ಲ ಅನ್ನೋದೂ ಗಮನದಲ್ಲಿರಲಿ. ಯಕ್ಷಗಾನದಲ್ಲಿ ರಾವಣನ ವೇಷ ಹಾಕಿದವರು ರಾವಣನ ಮಾತನ್ನೇ ಆಡಬೇಕು, ಹಾಗೆ. ಅಮೆರಿಕದ ಕೋರ್ಟುಗಳಲ್ಲೇ ಇದು ದೊಡ್ಡ ತಕರಾರು. ಹಾಡಿನ ಸಾಲುಗಳನ್ನು ಆರೋಪಿಯ ವಿರುದ್ಧ ಸಾಕ್ಷಿಯಾಗಿ ಬಳಸುತ್ತಿದ್ದರು. ಅದಕ್ಕೆ ಕಡಿವಾಣ ಹಾಕಲು ಕ್ಯಾಲಿಫೋರ್ನಿಯಾ 2022ರಲ್ಲಿ ಕಾನೂನನ್ನೇ ತಂದಿತು.

ಚರ್ಚಿಗೂ ಬೀದಿಯ ಹಾಡಿಗೂ ಈ ಜಗಳ ಹೊಸದಲ್ಲ. ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿ ಇದು ನೂರು ವರ್ಷದ ಮಾತು. ಇವತ್ತು ಗಾಸ್ಪೆಲ್ ಸಂಗೀತದ, ಅಂದರೆ ಆ ಚರ್ಚುಗಳ ಭಕ್ತಿಗೀತೆಗಳ, ಪಿತಾಮಹ ಅನ್ನಿಸಿಕೊಂಡಿರುವ ಥಾಮಸ್ ಡಾರ್ಸಿ ಮೊದಲು ‘ಜಾರ್ಜಿಯಾ ಟಾಮ್’ ಅನ್ನುವ ಹೆಸರಿನಲ್ಲಿ ಪೋಲಿ ಬ್ಲೂಸ್ ಹಾಡು ಹಾಡುತ್ತಿದ್ದವರು. ಬ್ಲೂಸ್ ಅಂದರೆ ಕಪ್ಪು ಜನರ ಲೋಕದ ಸುಖದುಃಖದ ಹಾಡು; ಅದು ಸೈತಾನನ ಸಂಗೀತ ಅಂತ ಚರ್ಚಿನವರು ಅನ್ನುತ್ತಿದ್ದ ಕಾಲ. ಅವರ ಗಾಸ್ಪೆಲ್ ಹಾಡುಗಳಲ್ಲೂ ಬ್ಲೂಸ್ ವಾಸನೆ ಇದೆ ಅಂತ ಶಿಕಾಗೋದ ಹಲವು ಚರ್ಚುಗಳು ಮೊದಮೊದಲು ಒಳಗೆ ಬಿಟ್ಟುಕೊಳ್ಳಲಿಲ್ಲ. 1932ರಲ್ಲಿ ಹೆರಿಗೆಯಲ್ಲಿ ಹೆಂಡತಿ ತೀರಿಕೊಂಡರು, ಮಗುವೂ ಉಳಿಯಲಿಲ್ಲ. ಆ ದುಃಖದಲ್ಲಿ ಅವರು ಬರೆದ ‘ಟೇಕ್ ಮೈ ಹ್ಯಾಂಡ್, ಪ್ರೆಷಸ್ ಲಾರ್ಡ್’ ಹಾಡನ್ನು ಇವತ್ತು ಪ್ರಪಂಚದ ಎಲ್ಲ ಕಡೆ ಚರ್ಚುಗಳಲ್ಲಿ ಹಾಡುತ್ತಾರೆ.

1993ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಅಬಿಸೀನಿಯನ್ ಬ್ಯಾಪ್ಟಿಸ್ಟ್ ಚರ್ಚಿನ ಪಾಸ್ಟರ್ ಕ್ಯಾಲ್ವಿನ್ ಬಟ್ಸ್ ರ‍್ಯಾಪ್ ಕ್ಯಾಸೆಟ್, ಸಿಡಿಗಳನ್ನು ರಾಶಿ ಹಾಕಿ ರೋಡ್ ರೋಲರ್ ಹತ್ತಿಸಲು ಹೊರಟರು. ಹೆಂಗಸರನ್ನು ಹೀನವಾಗಿ ಕಾಣುವ ಹಾಡುಗಳ ಮೇಲೆ ಅವರಿಗೆ ಸಿಟ್ಟು. ಆ ಸಿಟ್ಟು ನ್ಯಾಯವಾದದ್ದೇ ಅಂತ ನಾನು ಈಗಲೂ ಹೇಳುತ್ತೇನೆ. ಆದರೆ ಅದೇ ಚರ್ಚಿಗೆ 1930–31ರಲ್ಲಿ ಒಬ್ಬ ಜರ್ಮನ್ ಯುವಕ ಬರುತ್ತಿದ್ದ, ಅಲ್ಲಿ ಭಾನುವಾರ ಮಕ್ಕಳಿಗೆ ಪಾಠ ಹೇಳುತ್ತಿದ್ದ. ಅವನೇ ಡೀಟ್ರಿಕ್ ಬಾನ್‌ಹೋಫರ್. ಮುಂದೆ ಹಿಟ್ಲರನನ್ನು ಎದುರಿಸಿ 1945ರಲ್ಲಿ ಗಲ್ಲಿಗೇರಿದವರು. ಊರಿಗೆ ವಾಪಸ್ ಹೋಗುವಾಗ ಕಪ್ಪು ಜನರ ಭಕ್ತಿಗೀತೆಗಳ ರೆಕಾರ್ಡುಗಳನ್ನು ತೆಗೆದುಕೊಂಡು ಹೋಗಿ ತಮ್ಮ ವಿದ್ಯಾರ್ಥಿಗಳಿಗೆ ಕೇಳಿಸಿದರು. ‘ಅಗ್ಗದ ಕೃಪೆ’ ಅನ್ನುವ ಮಾತನ್ನು 1937ರಲ್ಲಿ ಬರೆದವರೂ ಅವರೇ. ಪಶ್ಚಾತ್ತಾಪ ಇಲ್ಲದೆ ಕ್ಷಮೆ ಹಂಚಿಬಿಡುವುದು ಅಗ್ಗದ ಕೃಪೆ. ಈ ಮಾತು ನಿಮ್ಮ ಮಗನಿಗೆ ಬೇಕಾಗುತ್ತದೆ.

ಅದಕ್ಕೂ ಮೊದಲು, ಈ ಹಾಡುಗಳಲ್ಲಿ ಪಾಪದ ಮಾತು ಇಷ್ಟೊಂದು ಯಾಕೆ? ಕಾಂಪ್ಟನ್‌ನಂಥ ಊರಿನಲ್ಲಿ ಹುಡುಗನೊಬ್ಬ ಮಾಡಿದ್ದು ಅವನ ಪಾಪ ಎಷ್ಟು, ಊರು ಅವನ ಮೇಲೆ ಹೇರಿದ್ದು ಎಷ್ಟು ಅಂತ ಬೇರೆ ಮಾಡುವುದು ಕಷ್ಟ. ಕೆಂಡ್ರಿಕ್ ಹುಟ್ಟುವ ಹಿಂದಿನ ವರ್ಷ, 1986ರಲ್ಲಿ, ಅಮೆರಿಕ ಒಂದು ಡ್ರಗ್ಸ್ ಕಾನೂನು ತಂದಿತು. ಬಡ ಕಪ್ಪು ಬಡಾವಣೆಗಳಲ್ಲಿ ಹರಡಿದ್ದ ಕ್ರ್ಯಾಕ್ 5 ಗ್ರಾಂ ಸಿಕ್ಕರೆ ಕನಿಷ್ಠ 5 ವರ್ಷ ಜೈಲು. ಉಳ್ಳವರ ಪುಡಿ ಕೊಕೇನ್ ಆದರೆ ಅಷ್ಟೇ ಶಿಕ್ಷೆಗೆ 500 ಗ್ರಾಂ ಬೇಕಿತ್ತು. ಎರಡೂ ಒಂದೇ ಮಾದಕ ವಸ್ತುವಿನ ಎರಡು ರೂಪ. ಇಂಥ ಕಡೆ ಬೆಳೆದವರು ಪಾಪದ ಬಗ್ಗೆ ಹಾಡಿದರೆ ಒಬ್ಬ ಮನುಷ್ಯನ ಪಾಪದ ಜೊತೆ ಒಂದು ವ್ಯವಸ್ಥೆಯ ಪಾಪವೂ ಬಂದೇ ಬರುತ್ತದೆ. ಕೆಂಡ್ರಿಕ್‌ನ ಮುಂದಿನ ಆಲ್ಬಂಗಳಲ್ಲಿ ಈ ಪ್ರಶ್ನೆ ಇನ್ನೂ ಬೆಳೆಯುತ್ತದೆ. 2017ರ ಶುಭ ಶುಕ್ರವಾರದಂದೇ ಬಂದ ‘ಡ್ಯಾಮ್’ ಶುರುವಾಗುವುದು ಇದು ದುಷ್ಟತನವೋ ದೌರ್ಬಲ್ಯವೋ ಅನ್ನುವ ಪ್ರಶ್ನೆಯಿಂದ. ಮರುವರ್ಷ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. ಶಾಸ್ತ್ರೀಯ ಸಂಗೀತ, ಜಾಝ್ ಬಿಟ್ಟು ಬೇರೆ ಸಂಗೀತಕ್ಕೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು.

ನನಗೆ ಎಲ್ಲಕ್ಕಿಂತ ಹತ್ತಿರವಾದ ಹಾಡು 2015ರ ‘ಹೌ ಮಚ್ ಎ ಡಾಲರ್ ಕಾಸ್ಟ್’. ದಕ್ಷಿಣ ಆಫ್ರಿಕಾದ ಒಂದು ಪೆಟ್ರೋಲ್ ಬಂಕ್. ಕಾರಿನಲ್ಲಿ ಬಂದ ಶ್ರೀಮಂತ ಗಾಯಕನ ಹತ್ತಿರ ಒಬ್ಬ ಭಿಕ್ಷುಕ ಅಲ್ಲಿನ ಹಣದಲ್ಲಿ ಸುಮಾರು ಒಂದು ಡಾಲರ್, ಅಂದರೆ ಹತ್ತು ರ‍್ಯಾಂಡ್ ಕೇಳುತ್ತಾನೆ. ಡ್ರಗ್ಸಿಗೆ ಅಂತ ಇವನಿಗೆ ಅನುಮಾನ. ಕೊಡುವುದಿಲ್ಲ. ಭಿಕ್ಷುಕ ಸುಮ್ನೆ ದಿಟ್ಟಿಸಿ ನೋಡುತ್ತಾ ನಿಲ್ಲುತ್ತಾನೆ. ಇವನಿಗೆ ಒಳಗೊಳಗೇ ಕಿರಿಕಿರಿ, ಆಮೇಲೆ ಸಿಟ್ಟು, ಆಮೇಲೆ ಸಮರ್ಥನೆ: ನಾನು ಕಷ್ಟಪಟ್ಟು ದುಡಿದದ್ದು, ನಾನು ಎಷ್ಟೋ ಜನರಿಗೆ ಕೊಟ್ಟಿದ್ದೇನೆ. ಬೈಬಲಿನ ವಿಮೋಚನಾಕಾಂಡದ 14ನೇ ಅಧ್ಯಾಯ ಓದಿದ್ದೀಯಾ ಅಂತ ಭಿಕ್ಷುಕ ಕೇಳುತ್ತಾನೆ. ಕೊನೆಗೆ ಹೇಳುತ್ತಾನೆ, ನಾನೇ ದೇವರು, ನೀನು ಉಳಿಸಿಕೊಂಡ ಆ ಒಂದು ಡಾಲರಿನ ಬೆಲೆ ಸ್ವರ್ಗದಲ್ಲಿ ನಿನ್ನ ಜಾಗ. ಇಲ್ಲಿ ಬಂದೂಕಿಲ್ಲ, ಡ್ರಗ್ಸ್ ಮಾರಾಟ ಇಲ್ಲ. ಇರುವುದು ಜಂಬ. ನಮ್ಮ ನಿಮ್ಮಂಥವರು ಸಿಗ್ನಲ್‌ನಲ್ಲಿ ಕಾರಿನ ಗಾಜು ಏರಿಸುವಾಗ ಮಾಡುವ ಪಾಪ ಇದು. ಅತಿ ಚಿಕ್ಕವರಿಗೆ ಮಾಡಿದ್ದನ್ನು ನನಗೇ ಮಾಡಿದಿರಿ ಅನ್ನುವ ಮತ್ತಾಯನ 25ನೇ ಅಧ್ಯಾಯವನ್ನು ಇಷ್ಟು ಚುಚ್ಚುವಂತೆ ಹೇಳಿದ ಪ್ರಬೋಧನೆ ನಾನು ಕೇಳಿದ್ದು ಕಡಿಮೆ.

ಈಗ ನಿಮ್ಮ ಮಗನ ಕಡೆಯ ತಪ್ಪು ತಿಳಿವಳಿಕೆಗೆ ಬರುತ್ತೇನೆ. ‘ತೀರ್ಪು ಕೊಡೋದು ದೇವರು ಮಾತ್ರ’ ಅನ್ನುವ ಮಾತು 1996ರಲ್ಲಿ ಬಂದ, ಅಮೆರಿಕದ ರ‍್ಯಾಪ್ ಗಾಯಕ ಟುಪಾಕ್ ಶಕೂರ್‌ನ ಹಾಡಿನ ಹೆಸರು. ಟುಪಾಕ್ ಆ ಹೊತ್ತಿಗೆ ಗುಂಡೇಟು ತಿಂದು ಬದುಕಿದ್ದ, ಜೈಲು ನೋಡಿ ಬಂದಿದ್ದ, ಅದೇ ವರ್ಷ ಸೆಪ್ಟೆಂಬರಿನಲ್ಲಿ ಕೊಲೆಯಾದ. ಪೊಲೀಸರು, ಪತ್ರಿಕೆಗಳು, ಕೋರ್ಟು ಎಲ್ಲವೂ ಬೆರಳು ತೋರಿಸುತ್ತಿದ್ದಾಗ ಅವನು ಹಾಗಂದ. ಮಂಗಳೂರಿನಲ್ಲಿ ಕುಮ್ಸಾರ್ ತಪ್ಪಿಸಿಕೊಳ್ಳಲು ಅದನ್ನೇ ಬಳಸಿದರೆ ಮಾತು ತಲೆಕೆಳಗಾಗುತ್ತದೆ. ದೇವರ ತೀರ್ಪು ಮನುಷ್ಯರ ತೀರ್ಪಿಗಿಂತ ಹಗುರ ಅಂತ ಬೈಬಲ್ ಎಲ್ಲೂ ಹೇಳಿಲ್ಲ. ಅಲ್ಲದೆ ಕುಮ್ಸಾರಿನಲ್ಲಿ ಗುರುಗಳು ತೀರ್ಪು ಓದುವುದಕ್ಕಿಂತ ಕ್ಷಮೆ ಕೊಡುವುದಕ್ಕೇ ಕೂತಿರುತ್ತಾರೆ.

ಹಾಡು ಪಾಪವನ್ನು ಒಪ್ಪಿಕೊಳ್ಳಬಲ್ಲದು. ಕೇಳುವವನ ಪರವಾಗಿ ಅದು ದೇವರ ಕಡೆಗೆ ತಿರುಗಲಾರದು. ಬಾನ್‌ಹೋಫರ್ ಹೇಳಿದ ಅಗ್ಗದ ಕೃಪೆ ಇಲ್ಲಿ ಸುಲಭವಾಗಿ ನುಸುಳುತ್ತದೆ. ಹದಿನೈದು ಹಾಡು ಏನು ಬೇಕಾದರೂ ಹಾಡಿ, ಹದಿನಾರನೆಯದರಲ್ಲಿ ದೇವರನ್ನು ಕರೆದರೆ ಲೆಕ್ಕ ಚುಕ್ತಾ ಅನ್ನುವ ಭಾವನೆ ಎಷ್ಟೋ ಆಲ್ಬಂಗಳಲ್ಲಿದೆ. ಎಲ್ಲರನ್ನೂ ಕೆಂಡ್ರಿಕ್ ಜೊತೆ ಕೂರಿಸಬೇಡಿ. ಕುತ್ತಿಗೆಯಲ್ಲಿ ವಜ್ರದ ಶಿಲುಬೆ ತೂಗುಹಾಕಿಕೊಂಡು ದುಡ್ಡಿನ ಜಂಬ ಕೊಚ್ಚುವ ಹಾಡಿನಲ್ಲಿ ಪ್ರಾರ್ಥನೆ ಇಲ್ಲ. ಇನ್ನೊಂದು ವಿಷಯ: ರ‍್ಯಾಪ್‌ನಲ್ಲಿ ಬರುವ ‘ಗಾಡ್’ ಎಲ್ಲ ಕ್ರೈಸ್ತರ ದೇವರಲ್ಲ. 1964ರಲ್ಲಿ ಹಾರ್ಲೆಮ್‌ನಲ್ಲಿ ಶುರುವಾದ ‘ಫೈವ್ ಪರ್ಸೆಂಟರ್ಸ್’ ಪಂಥದ ಗಂಡಸರು ಒಬ್ಬರನ್ನೊಬ್ಬರು ಗಾಡ್ ಅಂತಲೇ ಕರೆಯುತ್ತಾರೆ. ಹಳೆಯ ನ್ಯೂಯಾರ್ಕ್ ರ‍್ಯಾಪ್‌ನಲ್ಲಿ ಅವರ ಮಾತು ತುಂಬಿದೆ.

ಡಿಎಂಎಕ್ಸ್ ಅನ್ನುವ ಗಾಯಕನ ಬಗ್ಗೆ ನಿಮ್ಮ ಮಗನಿಗೆ ಗೊತ್ತಿರಬಹುದು. ಗೊತ್ತಿಲ್ಲದಿದ್ದರೆ ನೀವೇ ಹೇಳಿ. 1998ರಲ್ಲಿ ಒಂದೇ ವರ್ಷ ಎರಡು ಆಲ್ಬಂ ತಂದು ಎರಡನ್ನೂ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಏರಿಸಿದವನು. ನಾಯಿಯ ಹಾಗೆ ಬೊಗಳುತ್ತಾ ಹಾಡುವವನು, ಆದರೆ ಆಲ್ಬಂ ಆಲ್ಬಂಗೂ ಒಂದು ಪ್ರಾರ್ಥನೆ ಇಡುತ್ತಿದ್ದ. ಒಂದು ಹಾಡಿನಲ್ಲಿ ಸೈತಾನ ಗೆಳೆಯನಂತೆ ಬಂದು ಪುಸಲಾಯಿಸುತ್ತಾನೆ, ಇನ್ನೊಂದರಲ್ಲಿ ದೇವರ ಜೊತೆ ಮಾತುಕತೆ. ಡ್ರಗ್ಸ್ ಚಟ ಅವನನ್ನು ಬಿಡಲಿಲ್ಲ, ಎಷ್ಟೋ ಸಲ ಜೈಲಿಗೆ ಹೋದ. 2021ರ ಏಪ್ರಿಲ್ 9ರಂದು 50ನೇ ವಯಸ್ಸಿಗೆ ತೀರಿಕೊಂಡ. ಮಾಡಬೇಕು ಅಂದುಕೊಂಡ ಒಳ್ಳೆಯದನ್ನು ಮಾಡುವುದಿಲ್ಲ, ಬೇಡ ಅಂದುಕೊಂಡ ಕೆಟ್ಟದ್ದನ್ನೇ ಮಾಡುತ್ತೇನೆ ಅಂತ ಸಂತ ಪೌಲರು ರೋಮನರಿಗೆ ಬರೆದ ಪತ್ರದ 7ನೇ ಅಧ್ಯಾಯದಲ್ಲಿ ಹೇಳಿದ್ದು ಇದನ್ನೇ. ಆ ಪ್ರಾರ್ಥನೆಗಳು ನಾಟಕ ಅಂತ ನನಗೆ ಅನ್ನಿಸುವುದಿಲ್ಲ. ಆದರೆ ಚಟಕ್ಕೆ ಪ್ರಾರ್ಥನೆಯ ಜೊತೆ ಚಿಕಿತ್ಸೆಯೂ ಬೇಕು.

ಹೆಂಗಸರ ಬಗೆಗಿನ ಮಾತಿನಲ್ಲಿ ನಾನು ಪೂರ್ತಿ ನಿಮ್ಮ ಪಕ್ಷ. ಈ ಗಾಯಕರು ಕೊಲೆಯ ಬಗ್ಗೆ, ಡ್ರಗ್ಸ್ ಬಗ್ಗೆ, ಜಂಬದ ಬಗ್ಗೆ ಪಶ್ಚಾತ್ತಾಪ ಪಡುತ್ತಾರೆ. ಹೆಂಗಸರನ್ನು ಸರಕಿನಂತೆ ಕಂಡದ್ದರ ಬಗ್ಗೆ ಪಡುವುದು ತುಂಬಾ ಅಪರೂಪ. ಪಾಪದ ಪಟ್ಟಿಯಲ್ಲಿ ಅದು ಸೇರಿಲ್ಲವೇನೋ ಅನ್ನುವ ಹಾಗೆ. ಇದನ್ನು ಮಗನ ಹತ್ತಿರ ನೇರವಾಗಿ ಕೇಳಿ. ಶಿಬಿರಗಳಲ್ಲಿ ನಾನು ಕೇಳಿದಾಗ ಹುಡುಗರು ಗಂಭೀರವಾಗಿ ಯೋಚನೆ ಮಾಡುತ್ತಾರೆ. ಯಾಕೆಂದರೆ ಅದು ಹಾಡಿನ ಒಳಗಿನಿಂದಲೇ ಹುಟ್ಟುವ ಪ್ರಶ್ನೆ.

ಹಾಗಾದರೆ ಏನು ಮಾಡೋದು? ಬಂದ್ ಮಾಡಿಸಬಹುದು. 17ರ ಹುಡುಗನ ಫೋನಿನಲ್ಲಿ ಅದು ಒಂದು ವಾರವೂ ನಡೆಯುವುದಿಲ್ಲ, ಗೆಳೆಯನ ಫೋನ್ ಇದ್ದೇ ಇರುತ್ತದೆ. ನಷ್ಟ ಏನು ಅಂದರೆ, ಈಗ ‘ಅಮ್ಮ, ಇದೂ ಪ್ರಾರ್ಥನೆ’ ಅಂತ ವಾದಿಸುವವನು ಆಮೇಲೆ ವಾದಿಸುವುದನ್ನೂ ನಿಲ್ಲಿಸುತ್ತಾನೆ. ತಾನಾಗಿ ಸರಿಹೋಗುತ್ತದೆ ಅಂತ ಬಿಟ್ಟುಬಿಡಬಹುದು. ಹೆಚ್ಚಿನವರಿಗೆ ಸರಿಹೋಗುತ್ತದೆ ಕೂಡ. ಆದರೆ ಹೆಂಗಸರ ಬಗೆಗಿನ ಆ ಭಾಷೆ ನಾಲಿಗೆಗೆ ಒಗ್ಗಿಬಿಟ್ಟರೆ ಬಿಡಿಸುವುದು ಕಷ್ಟ.

ಕ್ರಿಶ್ಚಿಯನ್ ರ‍್ಯಾಪ್ ಇದೆ, ಚೆನ್ನಾಗಿಯೂ ಇದೆ. 2004ರಲ್ಲಿ ‘ರೀಚ್ ರೆಕಾರ್ಡ್ಸ್’ ಅನ್ನುವ ಸಂಗೀತ ಕಂಪನಿ ಶುರುಮಾಡಿದವರಲ್ಲಿ ಒಬ್ಬನಾದ ಲೆಕ್ರೇಯ ‘ಅನಾಮಲಿ’ 2014ರಲ್ಲಿ ಅಮೆರಿಕದ ಆಲ್ಬಂ ಮಾರಾಟದ ಒಟ್ಟು ಪಟ್ಟಿಯಲ್ಲೂ ಗಾಸ್ಪೆಲ್ ಪಟ್ಟಿಯಲ್ಲೂ ಒಟ್ಟಿಗೆ ಮೊದಲ ಸ್ಥಾನಕ್ಕೆ ಬಂತು. ಬೈಗುಳ ಇಲ್ಲ. ಆದರೆ ಪಾಪದ ಮಾತು ಇಲ್ಲಿಯೂ ಹಗುರವಿಲ್ಲ. ಹಿಂದೆ ಗೆಳತಿಯ ಗರ್ಭಪಾತದಲ್ಲಿ ತನ್ನ ಪಾಲಿದ್ದುದನ್ನು ಅದೇ ಆಲ್ಬಂನಲ್ಲಿ ಅವನು ಒಪ್ಪಿಕೊಂಡಿದ್ದಾನೆ. ಮಗನಿಗೆ ಪರಿಚಯ ಮಾಡಿಸಿ, ತೊಂದರೆ ಇಲ್ಲ. ‘ಅದನ್ನು ಬಿಡು, ಇದನ್ನು ಕೇಳು’ ಅಂತ ಔಷಧಿಯ ಹಾಗೆ ಕೊಟ್ಟರೆ ಮಾತ್ರ ಮುಟ್ಟುವುದಿಲ್ಲ.

ನನ್ನ ಸಲಹೆ, ಒಂದು ಹಾಡನ್ನು ಅವನ ಜೊತೆ ಕೂತು ಪೂರ್ತಿ ಕೇಳಿ. ಸಾಲುಗಳು ಫೋನಿನಲ್ಲೇ ಸಿಗುತ್ತವೆ, ಓದುತ್ತಾ ಕೇಳಿ. ‘ಡ್ಯಾಮ್’ ಆಲ್ಬಂನ ‘ಫಿಯರ್’ ಆಗಬಹುದು. ಅದರಲ್ಲಿ ಮೂರು ವಯಸ್ಸಿನ ಮೂರು ಭಯ. 7ನೇ ವಯಸ್ಸಿನಲ್ಲಿ ಅಮ್ಮನ ಹೊಡೆತದ ಭಯ, 17ರಲ್ಲಿ ಸಾವಿನ ಭಯ, 27ರಲ್ಲಿ ಗಳಿಸಿದ್ದನ್ನೆಲ್ಲ ಕಳೆದುಕೊಳ್ಳುವ ಭಯ. ಕೊನೆಯಲ್ಲಿ ಸಂಬಂಧಿಯೊಬ್ಬ ಫೋನಿನಲ್ಲಿ ಧರ್ಮೋಪದೇಶಕಾಂಡದ 28ನೇ ಅಧ್ಯಾಯ ಹೇಳುತ್ತಾನೆ. ಬೈಗುಳ ಇದೆ, ಗಟ್ಟಿ ಮನಸ್ಸು ಮಾಡಿಕೊಳ್ಳಿ. ಕೇಳಿಯಾದ ಮೇಲೆ ಪಾಠ ಬೇಡ, ಪರೀಕ್ಷೆ ಬೇಡ. ನಿನಗೆ ಇದರಲ್ಲಿ ಯಾವ ಭಾಗ ಇಷ್ಟ ಅಂತ ಒಂದೇ ಪ್ರಶ್ನೆ ಸಾಕು. ಅವನೂ 17ರವನು ಅನ್ನೋದು ನೆನಪಿರಲಿ. ನಿಮಗೆ ಹಿಡಿಸದಿದ್ದರೆ ಹಿಡಿಸಲಿಲ್ಲ ಅಂತಲೇ ಹೇಳಿ.

ಕೆಂಡ್ರಿಕ್‌ನ 2015ರ ಆಲ್ಬಂನಲ್ಲಿ ‘ಯು’ ಅನ್ನುವ ಹಾಡಿದೆ. ಹೋಟೆಲ್ ಕೋಣೆಯಲ್ಲಿ ಕುಡಿದು ತನ್ನನ್ನೇ ಹಳಿದುಕೊಳ್ಳುವ, ಸಾಯುವ ಯೋಚನೆ ಮಾಡುವ ಹಾಡು. ಮಗ ಅದನ್ನೇ ಪದೇ ಪದೇ ಕೇಳುತ್ತಿದ್ದರೆ, ಊಟ ನಿದ್ದೆ ಕೆಟ್ಟಿದ್ದರೆ, ಬದುಕು ಸಾಕು ಅನ್ನುವ ಮಾತು ಬಂದರೆ, ಅದನ್ನು ಪಾಪದ ವಿಷಯ ಅಂತ ನೋಡಬೇಡಿ. ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡಬಹುದು.

ಕುಮ್ಸಾರಿನ ವಿಷಯ. ಗಂಭೀರ ಪಾಪಗಳನ್ನು ವರ್ಷಕ್ಕೆ ಒಮ್ಮೆಯಾದರೂ ನಿವೇದಿಸಬೇಕು ಅನ್ನುವುದು ಧರ್ಮಸಭೆಯ ಕಟ್ಟಳೆ. ಕ್ರಿಸ್ಮಸ್‌ನಿಂದ ಹೋಗಿಲ್ಲ ಅಂದರೆ ಬಾಗಿಲು ಮುಚ್ಚಿಲ್ಲ. ಒತ್ತಾಯ ಮಾಡಿ ಕಳಿಸಿದರೆ ಅವನು ಹೋಗಿ ಹೋಮ್‌ವರ್ಕ್ ಮಾಡಿಲ್ಲ, ತಂಗಿಗೆ ಬೈದೆ ಅಂತ ಹೇಳಿ ಬರುತ್ತಾನೆ. ಇನ್ನೊಂದು ಕಾರಣವನ್ನೂ ಯೋಚಿಸಿ. ಅವನು ಆಲ್ಟರ್ ಬಾಯ್ ಆಗಿದ್ದವನು. ಜಾಲರಿಯ ಆಚೆ ಇರುವ ಗುರುಗಳಿಗೆ ದನಿ ಕೇಳಿದರೇ ಇವನು ಯಾರು ಅಂತ ಗೊತ್ತು. ಹದಿನೇಳರ ಹುಡುಗನಿಗೆ ಹೇಳಲು ಏನೇನೋ ಇರುತ್ತದೆ, ಚಿಕ್ಕಂದಿನಿಂದ ತನ್ನನ್ನು ಒಳ್ಳೆಯ ಹುಡುಗ ಅಂತ ಕಂಡವರ ಮುಂದೆ ಅದು ಬಾಯಿಗೆ ಬರುವುದಿಲ್ಲ. ಈ ಕಾರಣಕ್ಕೇ ನಿಲ್ಲಿಸಿದ ಹುಡುಗರನ್ನು ನಾನು ಕಂಡಿದ್ದೇನೆ. ಬೇರೆ ಧರ್ಮಕೇಂದ್ರಕ್ಕೆ ಹೋಗಿ ಮಾಡಬಹುದು, ಯಾವ ಚರ್ಚು ಅಂತ ನಾನು ಕೇಳುವುದಿಲ್ಲ, ಯಾವತ್ತು ಹೋಗಿದ್ದೆ ಅಂತಲೂ ಕೇಳುವುದಿಲ್ಲ ಅಂತ ಒಮ್ಮೆ ಹೇಳಿ ನೋಡಿ. ಹೇಳಿದ ಮೇಲೆ ಕೇಳಬೇಡಿ.